ಕಿಡ್ನಿ ರೋಗಿಯ ಕಡತಕ್ಕೆ ಇನ್ನೊಂದು ಹಾಳೆ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರೇ,

ದಾವಣಗೆರೆಯಿಂದ ನಮಸ್ಕಾರ.

ಜಿಲ್ಲೆಗೆ ಹೊಸ ಡಯಾಲಿಸಿಸ್ ಯಂತ್ರ ಬಂದ ಮರುದಿನ ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ಟೇಪು ಕತ್ತರಿಸುವವರು ಮುಂದೆ, ಯಂತ್ರ ಅವರ ಹಿಂದೆ, ರೋಗಿ ಎಲ್ಲಿಯೂ ಇಲ್ಲ. ಹಾಗೆಂದು ಯಂತ್ರದ ಬಗ್ಗೆ ನನಗೆ ತಕರಾರಿಲ್ಲ. 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಂದ ಮೇಲೆ ಜಗಳೂರು, ಚನ್ನಗಿರಿ, ಹೊಸದುರ್ಗದಂಥ ಕಡೆಯ ಬಡವರೂ ಹೊಲ ಮಾರದೆ ಡಯಾಲಿಸಿಸ್ ಮಾಡಿಸಿಕೊಳ್ಳುವಂತಾಗಿದೆ; ಆ ಉಪಕಾರ ಸಣ್ಣದಲ್ಲ. ಈ ಪತ್ರ ಬರೆಯುತ್ತಿರುವುದು ಯಂತ್ರಕ್ಕಿಂತ ಬಹಳ ಅಗ್ಗದ ವಸ್ತುವೊಂದಕ್ಕಾಗಿ. ಕೆಲವು ಕಿಡ್ನಿ ಕಾಯಿಲೆಗಳು ಮನೆತನದಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುತ್ತವೆ; ಅವನ್ನು ಗುರುತಿಸಲು ರೋಗಿಯ ಕಡತದಲ್ಲಿ ಮೂರು ತಲೆಮಾರಿನ ವಂಶವೃಕ್ಷ ಬರೆಯಲು ಒಂದು ಹಾಳೆ ಬೇಕು. ಅದನ್ನು ಕೇಳಿ ಬರೆದುಕೊಳ್ಳಬಲ್ಲ, ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರು ಬೇಕು. ಅಗತ್ಯ ಕಂಡ ಮನೆಯವರ ರಕ್ತದ ಮಾದರಿಯನ್ನು ಬೆಂಗಳೂರಿಗೆ ಕಳಿಸಿ, ವರದಿ ತರಿಸಿ, ಅದರ ಅರ್ಥವನ್ನು ಕನ್ನಡದಲ್ಲಿ ತಿಳಿಸಿ ಹೇಳುವ ವ್ಯವಸ್ಥೆ ದಾವಣಗೆರೆ ಮತ್ತು ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗಳಲ್ಲಿ ಆಗಬೇಕು.

ನಾನು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತನಾದವನು. ಮೆಂಡೆಲನ ಬಟಾಣಿ ಗಿಡ, ಎತ್ತರ, ಗಿಡ್ಡ, 3:1 ಅನುಪಾತ ಎಂದು ಬರೆದು ಬರೆದು ಸೀಮೆಸುಣ್ಣ ಸವೆಸಿದ್ದೇನೆ. ಆ ಲೆಕ್ಕ ಪಠ್ಯಪುಸ್ತಕ ಬಿಟ್ಟು ನಮ್ಮ ಮನೆಯ ಮಾತಾದದ್ದು ಹೆಂಡತಿಯ ತವರಿನಿಂದ. ಅವರದು ಚಳ್ಳಕೆರೆ ಸೀಮೆ. ಐವತ್ತು ದಾಟಿದ ಭಾವಮೈದುನನಿಗೆ ಡಯಾಲಿಸಿಸ್ ಶುರುವಾದಾಗ, ಹೊರಗಿನ ಬೆಂಚಿನಲ್ಲಿ ಕಾಯುವ ಕೆಲಸ ನನ್ನ ಪಾಲಿಗೆ ಬಂತು. ಒಳಗೆ ಹೋಗುವ ಮುನ್ನ ತೂಕ, ಹೊರಗೆ ಬಂದ ಮೇಲೆ ತೂಕ. ಆ ಎರಡರ ನಡುವಿನ ವ್ಯತ್ಯಾಸ ನೋಡಿಯೇ ಯಾರು ಎಷ್ಟು ನೀರು ಕುಡಿದು ಬಂದಿದ್ದಾರೆಂದು ಸಿಬ್ಬಂದಿ ಗದರುತ್ತಾರೆ. ಚಳ್ಳಕೆರೆಯ ಏಪ್ರಿಲ್ ಬಿಸಿಲಿನಲ್ಲಿ ಸಣ್ಣ ಲೋಟದಲ್ಲಿ ಅಳೆದು ನೀರು ಕುಡಿಯುವವನ ಕಷ್ಟ ಗದರುವವರಿಗೂ ಗೊತ್ತು; ಅವರೂ ಈ ಕಡೆಯವರೇ.

ಕಾಯುತ್ತಾ ಕುಳಿತವರ ಮಾತು ಕಡತಗಳ ಕಡೆಗೇ ತಿರುಗುತ್ತದೆ. ನಮ್ಮವನ ಕಡತದಲ್ಲಿ ಕಿಡ್ನಿ ಕೆಡಲು ಕಾರಣ ಎಂಬಲ್ಲಿ 'ಬಿಪಿ' ಎಂದು ಬರೆದಿತ್ತು. ಅದೇ ಕಡತದ ಎರಡು ಹಾಳೆ ಹಿಂದೆ ಸ್ಕ್ಯಾನಿಂಗ್ ವರದಿ: ಎರಡೂ ಕಿಡ್ನಿ ದೊಡ್ಡದಾಗಿವೆ, ಎರಡರಲ್ಲೂ ನೀರುಗುಳ್ಳೆಗಳು ತುಂಬಿಕೊಂಡಿವೆ. ವರದಿ ಬರೆದವರು ಸರಿಯಾಗಿಯೇ ಬರೆದಿದ್ದರು. ಓದಬೇಕಾದವರು ಓದಿರಲಿಲ್ಲ, ಅಥವಾ ಓದಿದ್ದರೂ 'ನಿಮಗೆ ಮಕ್ಕಳೆಷ್ಟು, ಅಣ್ಣತಮ್ಮಂದಿರೆಷ್ಟು' ಎಂದು ಕೇಳಿರಲಿಲ್ಲ. ಆ ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಬೆಂಚಿನ ಮೇಲಿದ್ದ ಬೇರೆ ಬೇರೆ ಊರಿನವರ ಕಡತಗಳ ಕಥೆಯೂ ಇದೇ. ಕಿಡ್ನಿ ಕೆಟ್ಟರೂ ಬಿಪಿ ಏರುತ್ತದೆ, ಬಿಪಿ ಏರಿದರೂ ಕಿಡ್ನಿ ಕೆಡುತ್ತದೆ. ಯಾವುದು ಮೊದಲಾಯಿತೆಂದು ವಿಚಾರಿಸುವಷ್ಟು ಪುರುಸೊತ್ತು ಯಾರಿಗೂ ಇಲ್ಲದಿದ್ದರೆ 'ಬಿಪಿ' ಎಂದು ಬರೆದು ಮುಗಿಸುವುದು ಸುಲಭ.

ಆಸ್ಪತ್ರೆಯವರಿಗೆ ಬಿಪಿ ಹೇಗೋ ನಮ್ಮ ಜನಕ್ಕೆ ನೀರು ಹಾಗೆ. ಚಿತ್ರದುರ್ಗದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು ಎಂಬುದು ಹಳೆಯ ಸತ್ಯ. ಹಲ್ಲು ಕಂದಾದ ಮಕ್ಕಳನ್ನು, ಬೆನ್ನು ಬಾಗಿದ ಹಿರಿಯರನ್ನು ಇಲ್ಲಿ ಯಾರೂ ಹುಡುಕಿಕೊಂಡು ಹೋಗಬೇಕಾಗಿಲ್ಲ. ಶುದ್ಧ ನೀರು ಕೊಡುವ ಹೊಣೆಯಿಂದ ಸರ್ಕಾರ ತಪ್ಪಿಸಿಕೊಳ್ಳುವಂತಿಲ್ಲ. ಆದರೆ ಒಂದೇ ಬಾವಿಯ ನೀರು ಕುಡಿದ ಬೀದಿಯಲ್ಲಿ ಒಂದೇ ಮನೆಯ ಅಪ್ಪ, ಮಗ, ಮಗಳ ಕಿಡ್ನಿ ಮಾತ್ರ ಹಾಳಾಗಿದ್ದರೆ ಬಾವಿಯನ್ನು ಬಿಟ್ಟು ಆ ಮನೆಯನ್ನು ವಿಚಾರಿಸಬೇಕು.

ನಾನು ವಿಚಾರಿಸಿದ್ದು ಅತ್ತೆಯವರನ್ನು. ಓದು ಬರಹ ಬಾರದ ಮುದುಕಿ. ಹಳೆಯ ಲಗ್ನಪತ್ರಿಕೆಯೊಂದರ ಹಿಂಬದಿಯಲ್ಲಿ ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ ಹಾಕುತ್ತಾ ಕುಳಿತೆ. ಅವರು ಕಡಲೆಕಾಯಿ ಬಿಡಿಸುತ್ತಾ ಹೇಳುತ್ತಾ ಹೋದರು. ತಮ್ಮ ಗಂಡ 'ಮೈಯೆಲ್ಲ ಬಾತು' ಹೋದರಂತೆ. ಗಂಡನ ಅಣ್ಣನಿಗೆ ಹೊಟ್ಟೆ ಗಟ್ಟಿಯಾಗಿ, ಪಕ್ಕೆ ನೋವೆಂದು ಮಗ್ಗುಲು ಬದಲಿಸಲಾಗದೆ ನರಳಿದರಂತೆ. ಗಂಡನ ತಂಗಿ ಬಾವಿಕಟ್ಟೆಯ ಹತ್ತಿರ 'ತಲೆ ಸಿಡಿಯುತ್ತಿದೆ' ಎಂದವಳು ಮತ್ತೆ ಏಳಲಿಲ್ಲವಂತೆ; ದೆವ್ವ ಹೊಡೆಯಿತೆಂದು ಊರಿನವರು ಆಡಿಕೊಂಡರಂತೆ. ಮೂರೂ ಸಾವು ಮೂರು ಬೇರೆ ಕಾರಣಕ್ಕೆ ಎಂದೇ ಆ ಮನೆಯವರು ನಂಬಿದ್ದರು. ಆದರೆ ಕಿಡ್ನಿಯಲ್ಲಿ ಗುಳ್ಳೆ ಕಟ್ಟುವ ಈ ಕಾಯಿಲೆಯವರಲ್ಲಿ ಹತ್ತರಲ್ಲಿ ಒಬ್ಬರ ಆಸುಪಾಸು ಮೆದುಳಿನ ರಕ್ತನಾಳ ಬಲೂನಿನಂತೆ ಉಬ್ಬಿರುತ್ತದೆ, ಕೆಲವರಲ್ಲಿ ಅದು ಒಡೆಯುತ್ತದೆ. ಆ ಮುದುಕಿಯ ನೆನಪಿನಲ್ಲಿ ಇದ್ದಷ್ಟು ವೈದ್ಯಕೀಯ ಮಾಹಿತಿ ಮಗನ ದಪ್ಪ ಕಡತದಲ್ಲಿ ಇರಲಿಲ್ಲ.

ಕಾಯಿಲೆಯ ಹೆಸರು ಪಾಲಿಸಿಸ್ಟಿಕ್ ಕಿಡ್ನಿ. ಸುಮಾರು ಸಾವಿರ ಜನರಲ್ಲಿ ಒಬ್ಬರಿಗೆ ಬರುವಂಥದ್ದು, ಹಾಗಾಗಿ ತೀರಾ ಅಪರೂಪವೇನಲ್ಲ. ಬಹುಪಾಲು ಮನೆಗಳಲ್ಲಿ ದೋಷವಿರುವುದು 16ನೇ ವರ್ಣತಂತುವಿನ ಪಿಕೆಡಿ1 ಎಂಬ ಜೀನಿನಲ್ಲಿ, ಉಳಿದ ಹಲವರಲ್ಲಿ 4ನೇ ವರ್ಣತಂತುವಿನ ಪಿಕೆಡಿ2ರಲ್ಲಿ. ವಿಜ್ಞಾನಿಗಳು ಮೊದಲನೆಯದನ್ನು 1994ರಲ್ಲಿ, ಎರಡನೆಯದನ್ನು 1996ರಲ್ಲಿ ಗುರುತಿಸಿದರು. ತಂದೆ ಅಥವಾ ತಾಯಿ ಒಬ್ಬರಲ್ಲಿದ್ದರೆ ಸಾಕು, ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ.

ಇದು ಪಾಠದ ಮಟ್ಟಿಗೆ. ಮನೆಯ ಮಟ್ಟಿಗೆ ಹೇಗೆಂದರೆ, ಭಾವಮೈದುನನ ಮಗ, ಇಪ್ಪತ್ತಾರರ ಹುಡುಗ, ಅಪ್ಪನಿಗೆ ಕಿಡ್ನಿ ಕೊಡುತ್ತೇನೆಂದು ಎದ್ದು ನಿಂತ. ರಕ್ತದ ಗುಂಪು ಹೊಂದಿತು. ಸ್ಕ್ಯಾನಿಂಗ್ ನಾರ್ಮಲ್ ಎಂದು ಬಂತು. ಮನೆಯಲ್ಲಿ ಹರಕೆಯ ಮಾತು ಶುರುವಾಯಿತು. ಆದರೆ ಈ ಕಾಯಿಲೆಯಲ್ಲಿ ಗುಳ್ಳೆಗಳು ವಯಸ್ಸಿನೊಂದಿಗೆ ಬೆಳೆಯುತ್ತವೆ. ನಲವತ್ತು ದಾಟಿದವರ ಸ್ಕ್ಯಾನ್‌ನಲ್ಲಿ ಗುಳ್ಳೆ ಇಲ್ಲದಿದ್ದರೆ ನಿಶ್ಚಿಂತೆಯಿಂದ ಇರಬಹುದು. ಇಪ್ಪತ್ತಾರರಲ್ಲಿ ಇಲ್ಲದಿದ್ದರೆ ಇಲ್ಲವೆಂದು ಹೇಳಲಾಗದು. ಬೆಂಗಳೂರಿನಲ್ಲಿ ಮೊದಲು ಅಪ್ಪನ ರಕ್ತದಲ್ಲಿ ದೋಷ ಎಲ್ಲಿದೆ ಎಂದು ಹುಡುಕಿದರು, ಆಮೇಲೆ ಅದೇ ಜಾಗವನ್ನು ಮಗನಲ್ಲಿ ನೋಡಿದರು. ಮಗನಲ್ಲೂ ಇತ್ತು. ಕೊನೆಗೆ ಕಿಡ್ನಿ ಕೊಟ್ಟವಳು ಭಾವಮೈದುನನ ಹೆಂಡತಿ. ಆ ಪರೀಕ್ಷೆ ಮಾಡಿಸದೇ ಇದ್ದಿದ್ದರೆ ಮುಂದೆ ತಾನೇ ರೋಗಿಯಾಗಲಿರುವ ಹುಡುಗನಿಂದ ಒಂದು ಕಿಡ್ನಿ ತೆಗೆದು, ಅವನನ್ನು ಒಂದರ ಮೇಲೆ ಬಿಡುತ್ತಿದ್ದೆವು. ಪರೀಕ್ಷೆಗೆ ಹೇಳಿದ್ದು ಪರಿಚಯದ ವೈದ್ಯರೊಬ್ಬರು. ಖರ್ಚು ಹತ್ತಾರು ಸಾವಿರ ರೂಪಾಯಿ, ಕೊಡುವ ಶಕ್ತಿ ನಮಗಿತ್ತು. ಬೆಂಚಿನಲ್ಲಿ ನಮ್ಮ ಪಕ್ಕ ಕುಳಿತಿದ್ದವರಿಗೆ ಆ ಶಕ್ತಿಯೂ ಇರಲಿಲ್ಲ, ಆ ಪರಿಚಯವೂ ಇರಲಿಲ್ಲ.

ದೊಡ್ಡವರ ವಿಷಯ ಇಷ್ಟು ಸಾಕು. ಹೆಚ್ಚು ಸಂಕಟವಾಗುವುದು ಮಕ್ಕಳ ವಿಷಯದಲ್ಲಿ. ಮಕ್ಕಳ ಕಿಡ್ನಿ ಕಾಯಿಲೆಗಳ ಹಿಂದಿರುವ ಜೀನುಗಳನ್ನು ಹುಡುಕುವುದರಲ್ಲೇ ಜೀವಮಾನ ಕಳೆದಿರುವ ವಿಜ್ಞಾನಿಯೊಬ್ಬರಿದ್ದಾರೆ, ಫ್ರೀಡ್‌ಹೆಲ್ಮ್ ಹಿಲ್ಡೆಬ್ರಾಂಟ್. ಜರ್ಮನಿಯವರು, ಮಕ್ಕಳ ವೈದ್ಯರು, ಆಮೇಲೆ ಅಮೆರಿಕಕ್ಕೆ ಹೋಗಿ ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸಂಶೋಧನೆ ನಡೆಸಿದವರು. 1997ರಲ್ಲಿ ಅವರ ತಂಡ ನೆಫ್ರೋನೋಫ್ತಿಸಿಸ್ ಎಂಬ ಕಾಯಿಲೆಯ ಮೊದಲ ಜೀನನ್ನು ಪತ್ತೆ ಹಚ್ಚಿತು. ಅದೇ ವರ್ಷ ಫ್ರಾನ್ಸಿನ ಕೊರಿನ್ ಆಂತಿನ್ಯಾಕ್ ಅವರ ತಂಡವೂ ಸ್ವತಂತ್ರವಾಗಿ ಅಲ್ಲಿಗೇ ತಲುಪಿತ್ತು. ಹೆಸರು ನಾಲಗೆಗೆ ಕಷ್ಟ, ಆದರೆ ಲಕ್ಷಣಗಳನ್ನು ಯಾವ ತಾಯಿಯೂ ಹೇಳಬಲ್ಲಳು. ಮಗು ಸದಾ ನೀರು ಕೇಳುತ್ತದೆ. ರಾತ್ರಿ ಎದ್ದೆದ್ದು ಮೂತ್ರಕ್ಕೆ ಹೋಗುತ್ತದೆ, ದೊಡ್ಡದಾದರೂ ಹಾಸಿಗೆ ಒದ್ದೆ ಮಾಡುತ್ತದೆ. ಓರಗೆಯವರಷ್ಟು ಎತ್ತರ ಬೆಳೆಯುವುದಿಲ್ಲ, ರಕ್ತ ಕಡಿಮೆ. ಮೈ ಊದುವುದಿಲ್ಲ, ಶುರುವಿನಲ್ಲಿ ಬಿಪಿಯೂ ಏರುವುದಿಲ್ಲ, ಮೂತ್ರದಲ್ಲಿ ಪ್ರೋಟೀನೂ ಅಷ್ಟಾಗಿ ಹೋಗುವುದಿಲ್ಲ. ಹೀಗಾಗಿ ಕಬ್ಬಿಣದ ಸಿರಪ್ ಬರೆದುಕೊಟ್ಟು, ಜಂತುಹುಳುವಿನ ಮಾತ್ರೆ ನುಂಗಿಸಿ ಕಳಿಸುತ್ತಾರೆ. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆಯೆಂದು ತಿಳಿಸುವ ಕ್ರಿಯೇಟಿನಿನ್ ರಕ್ತಪರೀಕ್ಷೆ ನೋಡುವ ಹೊತ್ತಿಗೆ ಕಿಡ್ನಿ ಮುಗಿದಿರುತ್ತದೆ. ಇಂಥ ಕೆಲವು ಮಕ್ಕಳಿಗೆ ಕತ್ತಲಲ್ಲಿ ಕಣ್ಣೂ ಕಾಣುವುದಿಲ್ಲ. ಕಣ್ಣಿನ ಡಾಕ್ಟರು ಕಣ್ಣು ನೋಡುತ್ತಾರೆ, ಕಿಡ್ನಿಯ ಡಾಕ್ಟರು ಕಿಡ್ನಿ ನೋಡುತ್ತಾರೆ, ಎರಡೂ ಒಂದೇ ಜೀನಿನ ಕೆಲಸವೆಂದು ಜೋಡಿಸಿ ನೋಡುವವರು ಬೇಕಲ್ಲ.

ಹಿಲ್ಡೆಬ್ರಾಂಟ್ ಅವರ ತಂಡ 2015ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ನೆಫ್ರೋಟಿಕ್ ಸಿಂಡ್ರೋಮ್ ಕುರಿತದ್ದು. ಬೆಳಿಗ್ಗೆ ಕಣ್ಣಿನ ಸುತ್ತ ಬಾವು, ಸಂಜೆಗೆ ಕಾಲಲ್ಲಿ ಬಾವು, ಮೂತ್ರದಲ್ಲಿ ನೊರೆ. ಈ ಕಾಯಿಲೆ ಹೆಚ್ಚಿನ ಮಕ್ಕಳಲ್ಲಿ ಸ್ಟಿರಾಯ್ಡ್ ಮಾತ್ರೆಗೆ ಬಗ್ಗುತ್ತದೆ. ಬಗ್ಗದೇ ಇದ್ದವರನ್ನೇ ಆರಿಸಿ, 25 ವರ್ಷದೊಳಗೆ ಕಾಯಿಲೆ ಶುರುವಾದ 1783 ಕುಟುಂಬಗಳನ್ನು ಅವರು ಪರೀಕ್ಷಿಸಿದರು. ಶೇ 29.5ರಷ್ಟು ಕುಟುಂಬಗಳಲ್ಲಿ ಒಂದೇ ಒಂದು ಜೀನಿನ ದೋಷ ಕಾರಣವೆಂದು ಸಿಕ್ಕಿತು. ಅಂದರೆ ಆ ಮಕ್ಕಳಿಗೆ ಸ್ಟಿರಾಯ್ಡ್ ಕೊಟ್ಟು ಮುಖ ಊದಿಸಿ, ಎತ್ತರ ಕುಗ್ಗಿಸಿ, ಸೋಂಕಿಗೆ ಒಡ್ಡಿದ್ದರಿಂದ ಬಹುತೇಕ ಪ್ರಯೋಜನವಿರಲಿಲ್ಲ. ಅದೇ ಮಕ್ಕಳಿಗೆ ಮುಂದೆ ಕಿಡ್ನಿ ಕಸಿ ಮಾಡಿದರೆ ಕಾಯಿಲೆ ಮರುಕಳಿಸುವ ಭಯ ಇತರರಿಗಿಂತ ಕಡಿಮೆ. ಕಿಡ್ನಿ ಕೊಡಲು ಹಿಂದೆ ಮುಂದೆ ನೋಡುವ ತಂದೆ ತಾಯಿಗೆ ಇದು ಎಂಥ ಧೈರ್ಯದ ಮಾತೆಂದು ಬೇರೆ ಹೇಳಬೇಕಾಗಿಲ್ಲ.

ಇಂಥ ಜೀನುಗಳು ಸಿಕ್ಕಿದ್ದು ಹೇಗೆ ಎಂಬುದು ನಮಗೆ ತೀರಾ ಸಂಬಂಧಪಟ್ಟ ವಿಷಯ. ರಕ್ತಸಂಬಂಧದಲ್ಲಿ ಮದುವೆಯಾದವರ ಮಗುವಿನಲ್ಲಿ ತಂದೆಯಿಂದಲೂ ತಾಯಿಯಿಂದಲೂ ಬಂದ ಡಿಎನ್‌ಎ ಕೆಲವು ಭಾಗಗಳಲ್ಲಿ ಒಂದೇ ರೀತಿ ಇರುತ್ತದೆ, ಏಕೆಂದರೆ ಎರಡೂ ಒಬ್ಬನೇ ಅಜ್ಜನಿಂದಲೋ ಒಬ್ಬಳೇ ಅಜ್ಜಿಯಿಂದಲೋ ಇಳಿದು ಬಂದಿರುತ್ತವೆ. ದೋಷವಿರುವ ಜೀನು ಆ ಭಾಗಗಳಲ್ಲೇ ಎಲ್ಲೋ ಅಡಗಿರುವ ಸಂಭವ ಹೆಚ್ಚು. ಹುಡುಕುವ ಜಾಗ ಕಿರಿದಾಗುತ್ತದೆ, ಕೆಲವೇ ಕುಟುಂಬಗಳಿಂದ ಉತ್ತರ ಸಿಗುತ್ತದೆ. ಹಿಲ್ಡೆಬ್ರಾಂಟ್ ಅವರಂಥವರು ಇಂಥ ಮದುವೆಗಳಿರುವ ನಾಡುಗಳ ಕುಟುಂಬಗಳನ್ನು ಹುಡುಕಿಕೊಂಡು ಹೋದದ್ದು ಇದಕ್ಕೇ. ಕರ್ನಾಟಕ ಅಂಥ ನಾಡು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಇಲ್ಲಿನ ನಾಲ್ಕು ಮದುವೆಗಳಲ್ಲಿ ಒಂದಕ್ಕಿಂತ ತುಸು ಹೆಚ್ಚು ಸಂಬಂಧಿಕರ ನಡುವೆಯೇ ನಡೆದಿವೆ. ಅಕ್ಕನ ಮಗಳನ್ನು ತರುವುದು, ಸೋದರತ್ತೆಯ ಮನೆಗೆ ಕೊಡುವುದು ನಮ್ಮಲ್ಲಿ ಹೊಸದೇನಲ್ಲ.

ಇಲ್ಲಿ ಸಚಿವರಲ್ಲಿ ಒಂದು ಕೋರಿಕೆ. 'ಸೋದರಿಕೆ ಮದುವೆ ನಿಲ್ಲಿಸಿ' ಎಂಬ ಗೋಡೆಬರಹದಿಂದ ಈ ಕೆಲಸ ಶುರು ಮಾಡಬೇಡಿ. ಪಾಲಿಸಿಸ್ಟಿಕ್ ಕಿಡ್ನಿಗೂ ಸೋದರಿಕೆಗೂ ಸಂಬಂಧವಿಲ್ಲ, ಪರರ ಮನೆಯ ಹೆಣ್ಣು ತಂದರೂ ಅರ್ಧಕ್ಕರ್ಧದ ಲೆಕ್ಕ ತಪ್ಪುವುದಿಲ್ಲ. ಇಬ್ಬರಿಂದಲೂ ದೋಷ ಬಂದರೆ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆಗಳಲ್ಲಿ ಸೋದರಿಕೆಯಿಂದ ಅಪಾಯ ಹೆಚ್ಚುತ್ತದೆ. ಅಲ್ಲಿಯೂ ತಂದೆ ತಾಯಿ ಇಬ್ಬರಲ್ಲೂ ಆ ದೋಷ ಅಡಗಿದ್ದರೆ ಮಾತ್ರ ಪ್ರತಿ ಬಸಿರಿಗೆ ನಾಲ್ಕರಲ್ಲಿ ಒಂದು ಪಾಲು. ಈ ಎರಡನ್ನು ಕಲಸಿ ಭಾಷಣ ಮಾಡಿದರೆ ಜನ ಹೆದರಿ ಬಾಯಿ ಮುಚ್ಚುತ್ತಾರೆ. ಆಮೇಲೆ ವಂಶವೃಕ್ಷ ಕೇಳಲು ಹೋದವರಿಗೆ ಬಾಗಿಲು ತೆರೆಯುವುದಿಲ್ಲ.

'ಔಷಧವೇ ಇಲ್ಲದ ಕಾಯಿಲೆಗೆ ಪರೀಕ್ಷೆ ಮಾಡಿ ಏನು ಪ್ರಯೋಜನ' ಎಂದು ಅಧಿಕಾರಿಯೊಬ್ಬರು ನನ್ನ ಮುಖಕ್ಕೇ ಕೇಳಿದರು. ಆ ಮಾತು ಹಳೆಯದಾಯಿತು. ಗುಳ್ಳೆಗಳ ಬೆಳವಣಿಗೆಯನ್ನು ನಿಧಾನಗೊಳಿಸುವ ಟಾಲ್ವಾಪ್ಟಾನ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2018ರಲ್ಲೇ ಒಪ್ಪಿಗೆ ಸಿಕ್ಕಿದೆ; ಲಿವರ್ ಪರೀಕ್ಷಿಸುತ್ತಾ ಎಚ್ಚರದಿಂದ ಕೊಡಬೇಕಾದ ಔಷಧ, ಎಲ್ಲರಿಗೂ ಬೇಕಾಗುವುದಿಲ್ಲ. ಸ್ಟಿರಾಯ್ಡ್‌ಗೆ ಬಗ್ಗದ ಮಕ್ಕಳಲ್ಲಿ ಕೆಲವರಿಗೆ ದೋಷವಿರುವುದು ಜೀವಕೋಶಗಳು ಶಕ್ತಿ ಪಡೆಯಲು ಬೇಕಾದ ಕೋಎಂಜೈಮ್ ಕ್ಯು10 ಎಂಬ ವಸ್ತುವನ್ನು ದೇಹದಲ್ಲಿ ತಯಾರಿಸುವ ಜೀನುಗಳಲ್ಲಿ ಎಂದು ತಿಳಿದ ಮೇಲೆ, ಅಂಥವರಿಗೆ ಅದನ್ನೇ ಬಾಯಿಂದ ಕೊಟ್ಟಾಗ ಕೆಲವರ ಮೂತ್ರದಲ್ಲಿ ಪ್ರೋಟೀನ್ ಹೋಗುವುದು ತಗ್ಗಿದೆ. ಹರಳಿನ ಕಥೆ ಇನ್ನೂ ವಿಚಿತ್ರ. ನಮ್ಮ ಬಯಲುಸೀಮೆಯಲ್ಲಿ ಕಿಡ್ನಿ ಹರಳೆಂದರೆ ಬಾಳೆದಿಂಡಿನ ರಸ, ಬಾರ್ಲಿ ನೀರು. ದೊಡ್ಡವರಿಗೆ ನಡೆಯಲಿ. ಆದರೆ ಐದಾರು ವರ್ಷದ ಮಗುವಿಗೆ ಪದೇ ಪದೇ ಹರಳು ಕಟ್ಟುತ್ತಿದ್ದರೆ ಲಿವರಿನ ಕಿಣ್ವವೊಂದರ ಜೀನಿನಲ್ಲಿ ದೋಷವಿದ್ದು ಹರಳು ಕಟ್ಟಿಸುವ ಆಕ್ಸಲೇಟ್ ಎಂಬ ವಸ್ತು ಮಿತಿಮೀರಿ ತಯಾರಾಗುತ್ತಿರಬಹುದು. ಕಿಡ್ನಿಯೊಂದನ್ನೇ ಕಸಿ ಮಾಡಿದರೆ ಹೊಸ ಕಿಡ್ನಿಯೂ ಅದೇ ಹಾದಿ ಹಿಡಿಯುತ್ತದೆ. ಅಂಥ ಮಕ್ಕಳಲ್ಲಿ ಕೆಲವರಿಗೆ ಬಿ6 ಜೀವಸತ್ವದಿಂದಲೇ ಅನುಕೂಲವಾಗುತ್ತದೆ. ಔಷಧದ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುವ ಮಾತ್ರೆ. ಯಾರಿಗೆ ಅದು ಹಿಡಿಸೀತು ಎಂದು ಮೊದಲೇ ಅಂದಾಜು ಮಾಡಲು ಜೀನಿನ ಪರೀಕ್ಷೆ ನೆರವಾಗುತ್ತದೆ.

ಕಾನೂನು, ನೀತಿ ಇಲ್ಲವೆನ್ನುವಂತೆಯೂ ಇಲ್ಲ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಪಾಲಿಸಿಸ್ಟಿಕ್ ಕಿಡ್ನಿಯ ಹೆಸರೂ ಇದೆ. 2022ರಲ್ಲಿ ನೆರವಿನ ಮಿತಿಯನ್ನು 50 ಲಕ್ಷ ರೂಪಾಯಿಗೆ ಏರಿಸಲಾಗಿದೆ. ಆ ನೀತಿಯಡಿ ಗುರುತಿಸಿದ ಕೇಂದ್ರಗಳಲ್ಲಿ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರವೂ ಒಂದು. ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಅದರ ಜೊತೆಗಿದೆ. ಆದರೆ ಆ ಬಾಗಿಲಿಗೆ ಹೋಗಲು ಮೊದಲು ಕಾಯಿಲೆಯ ಹೆಸರು ಗೊತ್ತಿರಬೇಕು. ಮೊಳಕಾಲ್ಮೂರಿನ ಕೂಲಿಕಾರನ ಮಗುವಿನ ಚೀಟಿಯಲ್ಲಿ 'ಕಿಡ್ನಿ ಫೇಲ್' ಎಂದಷ್ಟೇ ಬರೆದಿದ್ದರೆ 50 ಲಕ್ಷವೂ ಒಂದೇ, 50 ಪೈಸೆಯೂ ಒಂದೇ.

ದಾವಣಗೆರೆಯಲ್ಲಿ 1965ರಿಂದ ವೈದ್ಯಕೀಯ ಕಾಲೇಜಿದೆ, ಈಗ ಎರಡಾಗಿವೆ. ಬೇರೆ ಜಿಲ್ಲೆಗಳ ರೋಗಿಗಳೂ ಇಲ್ಲಿಗೇ ಬರುತ್ತಾರೆ. ಇನ್ನು ಚಳ್ಳಕೆರೆ ಸೀಮೆಯ ಜನ ವಿಜ್ಞಾನಕ್ಕಾಗಿ ಕೊಟ್ಟಿದ್ದು ಕಡಿಮೆಯೇನಲ್ಲ. ದನ ಕುರಿ ಮೇಯುತ್ತಿದ್ದ ಅಮೃತ್ ಮಹಲ್ ಕಾವಲಿನ ಸಾವಿರಾರು ಎಕರೆ ಹೋಗಿದೆ. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣ ತಲೆಯೆತ್ತಿದೆ. ಹತ್ತು ಸಾವಿರ ಭಾರತೀಯರ ಜೀನೋಮ್ ಓದಿದ ರಾಷ್ಟ್ರೀಯ ಯೋಜನೆಯ ಮುಂದಾಳತ್ವ ವಹಿಸಿದ್ದು ಅದೇ ಸಂಸ್ಥೆಯ ಬೆಂಗಳೂರಿನ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ. ನೆಲ ಕೊಟ್ಟವರ ಮನೆಯ ಮಗುವಿಗೆ ಕಾಯಿಲೆಯ ಹೆಸರು ಹೇಳುವಷ್ಟು ವಿಜ್ಞಾನ ವಾಪಸು ಬರಲಿ ಎಂದು ಕೇಳಿದರೆ ಅತಿಯಾಸೆ ಎನ್ನಬೇಡಿ.

ಗುಟ್ಟಿನ ವಿಷಯದಲ್ಲಿ ಮಾತ್ರ ಬಿಗಿ ಬೇಕು. 'ಆ ಮನೆತನದಲ್ಲಿ ಕಿಡ್ನಿ ಕಾಯಿಲೆ ಇದೆಯಂತೆ' ಎಂಬ ಒಂದು ಮಾತಿಗೆ ನಿಶ್ಚಯವಾದ ಮದುವೆ ಮುರಿಯುತ್ತದೆ, ಅದರಲ್ಲೂ ಹೆಣ್ಣುಮಕ್ಕಳದ್ದು. ಭಾವಮೈದುನನ ಮಗಳು ಇನ್ನೂ ಪರೀಕ್ಷೆ ಮಾಡಿಸಿಕೊಂಡಿಲ್ಲ. ಮದುವೆಯಾಗುವ ತನಕ ಬೇಡವೆಂದು ಅವಳ ತಾಯಿಯ ಹಟ. ಬಿಪಿ ಮಾತ್ರ ಆಗಾಗ ನೋಡಿಸುತ್ತಾಳೆ. ನಾನು ಒಂದೆರಡು ಸಲ ಹೇಳಿ ಸುಮ್ಮನಾಗಿದ್ದೇನೆ. ಗೊತ್ತಾಗುವುದು ಬೇಡ ಎನ್ನುವ ಹಕ್ಕೂ ಅವಳದ್ದೇ ತಾನೆ. ಹಾಗಾಗಿ ವಂಶವೃಕ್ಷದ ಹಾಳೆ ವಾರ್ಡಿನ ಮೇಜಿನ ಮೇಲೆ ಬಿದ್ದಿರಬಾರದು, ಆಶಾ ಕಾರ್ಯಕರ್ತೆಯರ ವಾಟ್ಸ್‌ಆ್ಯಪ್ ಗುಂಪಿಗೆ ಹೋಗಬಾರದು. ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು, ಓದು ಬಾರದವರಿಗೆ ಓದಿ ಹೇಳಬೇಕು, ಸಂಶೋಧನೆಗೆ ರಕ್ತ ಬಳಸುವುದಾದರೆ ಅದನ್ನು ಬೇರೆಯಾಗಿ ಕೇಳಬೇಕು, ಬೇಡವೆಂದವರಿಗೆ ಡಯಾಲಿಸಿಸ್ ಪಾಳಿಯಲ್ಲಿ ಎಳ್ಳಷ್ಟೂ ವ್ಯತ್ಯಾಸವಾಗಬಾರದು.

ರಾಜ್ಯದಾದ್ಯಂತ ಒಮ್ಮೆಲೇ ಮಾಡಿ ಎಂದು ಕೇಳುತ್ತಿಲ್ಲ. ಎರಡು ಜಿಲ್ಲೆಗಳ ಡಯಾಲಿಸಿಸ್ ಘಟಕಗಳಲ್ಲಿ ಮೊದಲು ಮಕ್ಕಳನ್ನು, ನಲವತ್ತರೊಳಗಿನವರನ್ನು ಕೇಳಿ ಬರೆದುಕೊಳ್ಳಲಿ. ಮನೆಯಲ್ಲಿ ಇನ್ನೊಬ್ಬರಿಗೆ ಕಿಡ್ನಿ ಕಾಯಿಲೆ ಇದೆಯೇ, ಕಿವಿ ಮಂದವಾದ ಗಂಡುಮಕ್ಕಳಿದ್ದಾರೆಯೇ, ಕೆಂಪು ಮೂತ್ರ ಹೋಗಿತ್ತೇ, ರಾತ್ರಿ ಕಣ್ಣು ಕಾಣದವರಿದ್ದಾರೆಯೇ, ಹುಟ್ಟುವಾಗಲೇ ಆರು ಬೆರಳಿತ್ತೇ, ತಂದೆತಾಯಿ ಸಂಬಂಧಿಕರೇ, ಎಳವೆಯಲ್ಲಿ ತೀರಿಹೋದ ಮಕ್ಕಳಿದ್ದಾರೆಯೇ. ಕಿವಿ, ಕಣ್ಣು, ಬೆರಳಿನ ಪ್ರಶ್ನೆ ಏಕೆಂದರೆ ವಂಶದಲ್ಲಿ ಬರುವ ಕೆಲವು ಕಿಡ್ನಿ ಕಾಯಿಲೆಗಳ ಜೊತೆ ಅವೂ ಕಾಣಿಸುತ್ತವೆ. ಕೇಳಲು ಅರ್ಧ ಗಂಟೆ ಸಾಕು. ಹೇಗೂ ರೋಗಿ ನಾಲ್ಕು ಗಂಟೆ ಮಲಗಿರುತ್ತಾನೆ, ಅವನ ಮನೆಯವರು ಹೊರಗೆ ಬೆಂಚಿನಲ್ಲೇ ಇರುತ್ತಾರೆ. ಮನೆಯಲ್ಲಿ ಅಜ್ಜಿ ಇದ್ದರೆ ಮುಂದಿನ ಸಲ ಕರೆತರಲು ಹೇಳಲಿ.

ಹಾಳೆಯ ನಮೂನೆಯನ್ನೂ ಕನ್ನಡದ ಒಪ್ಪಿಗೆ ಪತ್ರದ ಕರಡನ್ನೂ ಸಿದ್ಧಪಡಿಸಿ ಈ ಪತ್ರದ ಜೊತೆ ತಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ತಜ್ಞರು ತಿದ್ದಲಿ. ಎರಡೂ ಜಿಲ್ಲೆಗಳ ಆರೋಗ್ಯಾಧಿಕಾರಿಗಳನ್ನು, ಇಲ್ಲಿನ ಕಾಲೇಜುಗಳ ಮಕ್ಕಳ ವಿಭಾಗದವರನ್ನು, ತಳಿವಿಜ್ಞಾನ ಕೇಂದ್ರದವರನ್ನು ಒಂದೇ ಮೇಜಿಗೆ ಕರೆಯುವ ಅಧಿಕಾರ ತಮಗಿದೆ. ಆ ಸಭೆಯ ದಿನಾಂಕವನ್ನು ತಿಳಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ,
ದಾವಣಗೆರೆ